ಕೊಲೆಗಾರ ಯಾರು? ಈ ಬೇಸಿಗೆ ನೀವೇ ಪತ್ತೆ ಹಚ್ಚಿ!

ಬೇಸಿಗೆ ಬಂತು. ಪರೀಕ್ಷೆ ಬರೆದವರು ಬರೆದರು, ಬಿಟ್ಟವರು ಬಿಟ್ಟರು. ಊರಿನ ಬಸ್ಸು ಹೊರಡಲು ಇನ್ನೂ ಮುಕ್ಕಾಲು ಗಂಟೆ ಇದೆ. ಮೊಬೈಲಿನ ಚಾರ್ಜು ಹದಿನೈದು ಪರ್ಸೆಂಟಿಗೆ ಇಳಿದಿದೆ. ಪುಣ್ಯಕ್ಕೆ ಕಿಟಕಿ ಪಕ್ಕದ ಸೀಟು ಸಿಕ್ಕಿದೆ, ಕೈಯಲ್ಲಿ ಈ ಪತ್ರಿಕೆ ಇದೆ. ಇದನ್ನು ಮೊದಲ ಪುಟದಿಂದ ಕೊನೆ ಪುಟದವರೆಗೆ ಓದಿ ಮುಗಿಸಲು ತುಮಕೂರು ದಾಟುವಷ್ಟು ಹೊತ್ತೂ ಬೇಡ. ಆಮೇಲೇನು ಮಾಡ್ತೀರಿ?

ಆ ‘ಆಮೇಲೆ’ಗೆಂದೇ ಈ ಲೇಖನ.

ಸಸ್ಪೆನ್ಸ್ ಚಿತ್ರ ಅಂದರೆ ನಮ್ಮ ಹುಡುಗರು ಪ್ರಾಣ ಬಿಡುತ್ತಾರೆ. ‘ರಂಗಿತರಂಗ’ (2015), ‘ಯೂ ಟರ್ನ್’ (2016), ‘ಕವಲುದಾರಿ’ (2019) ಇವನ್ನೆಲ್ಲ ಎರಡೆರಡು ಸಲ ನೋಡಿ, ಎರಡನೇ ಸಲ ಪಕ್ಕದಲ್ಲಿ ಕೂತವನಿಗೆ ಮೊದಲೇ ಗುಟ್ಟು ಹೇಳಿ ಒದೆ ತಿಂದವರು ನನಗೇ ಗೊತ್ತು. ಆದರೆ ಇದೇ ಮಹಾಶಯರನ್ನು ಹಿಡಿದು ನಿಲ್ಲಿಸಿ, “ಒಂದೇ ಒಂದು ಪತ್ತೇದಾರಿ ಕಾದಂಬರಿ ಹೆಸರು ಹೇಳಪ್ಪಾ” ಅನ್ನಿ. ತಲೆ ಕೆರೆದುಕೊಳ್ಳುತ್ತಾರೆ! ತಮಾಷೆ ನೋಡಿ, ಆ ‘ರಂಗಿತರಂಗ’ದ ನಾಯಕ ಯಾರು? ಅಜ್ಞಾತನಾಗಿದ್ದುಕೊಂಡು ‘ಅನಾಶ್ಕು’ ಎಂಬ ಹೆಸರಲ್ಲಿ ಬರೆಯುವ ಕಾದಂಬರಿಕಾರ. ‘ಬೆಲ್ ಬಾಟಂ’ (2019) ಚಿತ್ರದ ರಿಷಬ್ ಶೆಟ್ಟಿ, ಅಂದರೆ ನಮ್ಮ ಡಿಟೆಕ್ಟಿವ್ ದಿವಾಕರ, ಪತ್ತೇದಾರಿ ಹುಚ್ಚು ತಲೆಗೇರಿಸಿಕೊಂಡ ಹುಡುಗ. ಬೆಳ್ಳಿತೆರೆಯ ಮೇಲಿನ ಪತ್ತೇದಾರರೆಲ್ಲ ಪುಸ್ತಕದ ಕಪಾಟಿನಿಂದ ಎದ್ದು ಬಂದವರೇ. ಕಪಾಟಿನ ಕಡೆ ಮಾತ್ರ ನಾವು ತಲೆ ಹಾಕುವುದಿಲ್ಲ, ಅಷ್ಟೇ.

ಹಾಗಾಗಿ ಈ ಬೇಸಿಗೆಗೆ ನನ್ನದೊಂದು ಪಟ್ಟಿ. ಪಟ್ಟಿ ಅಂದರೆ ನಂಬರು ಹಾಕಿದ ಕಿರಾಣಿ ಚೀಟಿಯಲ್ಲ. ನಾನು ಓದಿದ್ದು, ಕೆಲವನ್ನು ನಿದ್ದೆಗೆಟ್ಟು ಓದಿದ್ದು. ಒಂದೊಂದನ್ನೇ ಹೇಳುತ್ತೇನೆ. ಕೊಲೆಗಾರನ ಹೆಸರು ಮಾತ್ರ ಯಾವ ಕಾರಣಕ್ಕೂ ಬಾಯಿ ಬಿಡುವುದಿಲ್ಲ, ಆಣೆ!

ಜಪಾನಿನ ಲೆಕ್ಕದ ಮೇಷ್ಟ್ರು

ಮೊದಲು ಹೊರಗಿನದೊಂದು. ‘ದೃಶ್ಯ’ (2014) ಯಾರಿಗೆ ಗೊತ್ತಿಲ್ಲ? ರವಿಚಂದ್ರನ್ ಕೇಬಲ್ ಆಪರೇಟರ್ ರಾಜೇಂದ್ರ ಪೊನ್ನಪ್ಪನಾಗಿ, ಕ್ರೇಜಿಸ್ಟಾರ್ ಗತ್ತನ್ನೆಲ್ಲ ಪಕ್ಕಕ್ಕಿಟ್ಟು, ಹೆಂಡತಿ ಮಕ್ಕಳಿಗಾಗಿ ಪೊಲೀಸರನ್ನೇ ಆಟ ಆಡಿಸಿದ ಚಿತ್ರ. ಅದರ ಮೂಲ ಜೀತು ಜೋಸೆಫ್ ನಿರ್ದೇಶಿಸಿದ ಮಲಯಾಳದ ‘ದೃಶ್ಯಂ’ (2013), ಮೋಹನ್‌ಲಾಲ್ ನಾಯಕ. ಅದು ಗೆದ್ದು ಬೇರೆ ಭಾಷೆಗೆ ಹೋಗುವ ಹೊತ್ತಿಗೆ ಒಂದು ತಕರಾರು ಎದ್ದಿತ್ತು. ಜಪಾನಿನ ಕೀಗೊ ಹಿಗಾಶಿನೊ ಬರೆದ ‘ದಿ ಡಿವೋಶನ್ ಆಫ್ ಸಸ್ಪೆಕ್ಟ್ ಎಕ್ಸ್’ ಕಾದಂಬರಿಯ ಹಿಂದಿ ಚಿತ್ರದ ಹಕ್ಕು ಏಕ್ತಾ ಕಪೂರ್ ಅವರ ಕಂಪನಿಯ ಹತ್ತಿರ ಇತ್ತು. ಅಲ್ಲಿಂದ ನೋಟಿಸು ಬಂತು. ಜೀತು ಜೋಸೆಫ್, ನನ್ನ ಕತೆ ಅದಲ್ಲ ಎಂದರು.

ನಾನು ಆ ಕಾದಂಬರಿ ಹುಡುಕಿದ್ದೇ ಈ ಜಗಳದ ಕಾರಣಕ್ಕೆ. ಜಪಾನಿನಲ್ಲಿ 2005ರಲ್ಲಿ ಬಂದ ಪುಸ್ತಕ, ಅಲ್ಲಿನ ದೊಡ್ಡ ಪ್ರಶಸ್ತಿಯಾದ ನವೋಕಿಯನ್ನೂ ಗೆದ್ದುಕೊಂಡಿತು. ಇಂಗ್ಲಿಷಿಗೆ ಬಂದದ್ದು 2011ರಲ್ಲಿ.

ಕತೆ ಹೀಗಿದೆ. ಇಶಿಗಾಮಿ ಎಂಬ ಹೈಸ್ಕೂಲು ಲೆಕ್ಕದ ಮೇಷ್ಟ್ರು. ಒಂಟಿ ಜೀವ. ತಲೆ ಮಾತ್ರ ಮಹಾಪಂಡಿತನ ತಲೆ. ಪಕ್ಕದ ಮನೆಯಲ್ಲಿ ಯಾಸುಕೊ ಎಂಬ ಹೆಂಗಸು ಮಗಳ ಜೊತೆ ಇದ್ದಾಳೆ, ಊಟದ ಡಬ್ಬಿ ಮಾರುವ ಅಂಗಡಿಯಲ್ಲಿ ಕೆಲಸ. ಮೇಷ್ಟ್ರು ದಿನಾ ಬೆಳಿಗ್ಗೆ ಅಲ್ಲೇ ಡಬ್ಬಿ ಕೊಳ್ಳುತ್ತಾನೆ. ಮಾತಿಲ್ಲ, ಕತೆಯಿಲ್ಲ. ಬರೀ ಡಬ್ಬಿ! ಒಂದು ದಿನ ಆಕೆಯ ಮಾಜಿ ಗಂಡ ಬಂದು ಪೀಡಿಸುತ್ತಾನೆ, ತಾಯಿ ಮಗಳ ಕೈಯಲ್ಲಿ ಅವನ ಕೊಲೆ ಆಗಿಹೋಗುತ್ತದೆ. ಆಗ ಬಾಗಿಲು ತಟ್ಟುವವನು ಈ ಮೇಷ್ಟ್ರು. “ನಾನು ನೋಡಿಕೊಳ್ತೀನಿ” ಎನ್ನುತ್ತಾನೆ.

ಗಮನಿಸಿ, ಕೊಂದದ್ದು ಯಾರೆಂದು ಪುಸ್ತಕದ ಆರಂಭದಲ್ಲೇ ಗೊತ್ತಾಗಿಬಿಟ್ಟಿತು! ಹಾಗಾದರೆ ಉಳಿದ ಮುನ್ನೂರು ಪುಟ ಏತಕ್ಕೆ? ಅಲ್ಲೇ ಇರುವುದು ಹಿಗಾಶಿನೊನ ಕೈಚಳಕ. ಪೊಲೀಸರ ಪರವಾಗಿ ಯುಕಾವಾ ಎಂಬ ಭೌತಶಾಸ್ತ್ರದ ಪ್ರೊಫೆಸರು ಬರುತ್ತಾನೆ. ಅವನು ಇಶಿಗಾಮಿಯ ಕಾಲೇಜು ಗೆಳೆಯ. ಇಬ್ಬರು ಬುದ್ಧಿವಂತರು ಎದುರು ಬದುರು ಕೂತು ಚದುರಂಗ ಆಡಿದ ಹಾಗೆ, ಒಬ್ಬನಿಗೆ ಇನ್ನೊಬ್ಬನ ಮೇಲೆ ಪ್ರೀತಿಯೂ ಇದೆ, ಬಿಡುವ ಹಾಗೂ ಇಲ್ಲ. ಕೊನೆಯ ಇಪ್ಪತ್ತು ಪುಟ ಓದುವಾಗ ನನ್ನ ಕಾಫಿ ಆರಿ ತಣ್ಣಗಾಗಿತ್ತು.

‘ದೃಶ್ಯ’ಕ್ಕೂ ಇದಕ್ಕೂ ಎಷ್ಟು ಹತ್ತಿರ? ಚೌಕಟ್ಟು ಒಂದೇ ಥರ ಕಾಣುತ್ತದೆ: ತಾಯಿ ಮಗಳು, ಆಗಿಹೋದ ಸಾವು, ಬಚ್ಚಿಡುವ ಗಂಡಸು, ದಿನ ತಾರೀಕಿನ ಆಟ. ಆದರೆ ಒಳಗಿನ ಗುಟ್ಟು ಬೇರೆ, ಹೊಟ್ಟೆಯೊಳಗೆ ಕೈ ಹಾಕಿ ಹಿಂಡುವ ರೀತಿಯೂ ಬೇರೆ. ಪೊನ್ನಪ್ಪ ತನ್ನದೇ ಸಂಸಾರ ಕಾಯುತ್ತಾನೆ. ಮೇಷ್ಟ್ರಿಗೆ ಕಾಯಲು ತನ್ನದು ಅಂತ ಏನೂ ಇಲ್ಲ! ನನ್ನ ತೀರ್ಪು ನಾನು ಹೇಳಿದೆ, ನೀವು ಓದಿ ನಿಮ್ಮದು ಹೇಳಿ. ಇದೇ ಕಾದಂಬರಿಯನ್ನು ಹಕ್ಕು ಪಡೆದು ಸುಜಯ್ ಘೋಷ್ ‘ಜಾನೇ ಜಾನ್’ (2023) ಎಂದು ಹಿಂದಿಯಲ್ಲಿ ತೆಗೆದರು. ಕರೀನಾ ಕಪೂರ್ ಇದ್ದರೂ ಚಿತ್ರವನ್ನು ಹೊತ್ತುಕೊಂಡು ಹೋದವರು ಮೇಷ್ಟ್ರ ಪಾತ್ರದ ಜೈದೀಪ್ ಅಹ್ಲಾವತ್. ಚಿತ್ರ ನೋಡುವ ಮೊದಲು ಪುಸ್ತಕ ಓದಿ. ಹಿಂದುಮುಂದಾದರೆ ಮಜಾ ಹೋಯ್ತು ಅಂತಲೇ ಲೆಕ್ಕ.

ಅಂದ ಹಾಗೆ, ಕನ್ನಡ ಚಿತ್ರರಂಗಕ್ಕೆ ಹೊರಗಿನ ಪತ್ತೇದಾರಿಯ ನಂಟು ಹೊಸದೇನಲ್ಲ. ಸುನಿಲ್ ಕುಮಾರ್ ದೇಸಾಯಿಯವರ ಮೊದಲ ಚಿತ್ರ ‘ತರ್ಕ’ (1989) ನೆನಪಿದೆಯೇ? ಶಂಕರ್‌ನಾಗ್, ದೇವರಾಜ್, ವನಿತಾ ವಾಸು. ಹಾಡೇ ಇಲ್ಲದ ಚಿತ್ರ! ಆ ಕಾಲಕ್ಕೆ ಅದೇ ಒಂದು ಸಾಹಸ. ಅದರ ಬೇರು ಅಗಾಥಾ ಕ್ರಿಸ್ಟಿಯ ‘ದಿ ಅನ್‌ಎಕ್ಸ್‌ಪೆಕ್ಟೆಡ್ ಗೆಸ್ಟ್’ ಎಂಬ 1958ರ ನಾಟಕದಲ್ಲಿದೆ. ಅದೇ ನಾಟಕದಿಂದ ಹಿಂದಿಯಲ್ಲಿ ಬಿ.ಆರ್. ಚೋಪ್ರಾ ‘ಧುಂಧ್’ (1973) ತೆಗೆದಿದ್ದರು. ‘ತರ್ಕ’ ಮುಂದೆ ತಮಿಳಿಗೆ ‘ಪುರಿಯಾದ ಪುದಿರ್’ (1990) ಆಗಿ ಹೋಯಿತು, ಕೆ.ಎಸ್. ರವಿಕುಮಾರ್ ನಿರ್ದೇಶಕರಾದದ್ದೇ ಅದರಿಂದ. ತೆಲುಗಿನ ಯಂಡಮೂರಿ ವೀರೇಂದ್ರನಾಥರ ಕಾದಂಬರಿಯಿಂದ ‘ತುಳಸೀದಳ’ (1985) ಬಂತು, ಅವರದೇ ಇನ್ನೊಂದರಿಂದ ದೇಸಾಯಿಯವರ ‘ಬೆಳದಿಂಗಳ ಬಾಲೆ’ (1995). ಫೋನಿನಲ್ಲಿ ಬರೀ ದನಿ ಕೇಳಿಸಿಕೊಂಡು ಹುಡುಗಿಯನ್ನು ಹುಡುಕುವ ಅನಂತನಾಗ್! ಕೊಲೆ ಇಲ್ಲದ ಪತ್ತೇದಾರಿ ಅಂದರೆ ಅದೇ ನೋಡಿ.

ಮೆಜೆಸ್ಟಿಕ್ಕಿನಲ್ಲೇ ಒಬ್ಬ ಪತ್ತೇದಾರ

ಜಪಾನು ಇಂಗ್ಲೆಂಡು ಸಾಕು, ನಮ್ಮ ಬೆಂಗಳೂರಿಗೆ ಬನ್ನಿ. ಕಳೆದ ಹತ್ತು ಹದಿನೈದು ವರ್ಷದಲ್ಲಿ ಬೆಂಗಳೂರಿನ ಮೇಲೆ ಒಳ್ಳೊಳ್ಳೆ ಪತ್ತೇದಾರಿ ಕಾದಂಬರಿಗಳು ಬಂದಿವೆ. ತೊಂದರೆ ಒಂದೇ, ಇಂಗ್ಲಿಷಿನಲ್ಲಿ ಬಂದಿವೆ.

“ಇಂಗ್ಲಿಷಾ? ಹೋಗ್ಲಿ ಬಿಡಿ ಗುರೂ” ಅಂತ ಪುಟ ತಿರುಗಿಸಬೇಡಿ. ಪಿಯುಸಿಗೇ ಟಾಟಾ ಹೇಳಿ ಬಂದ ನಾನು ಓದಿದ್ದೇನೆ, ನಿಮಗೇನು ಧಾಡಿ? ಒಂದು ಗುಟ್ಟು ಹೇಳುತ್ತೇನೆ. ಇವುಗಳಲ್ಲಿ ಬಹಳಷ್ಟು ಪಾತ್ರಗಳು ನಿಜಕ್ಕೂ ಮಾತಾಡುತ್ತಿರುವುದು ಕನ್ನಡದಲ್ಲೇ. ಅಚ್ಚಾಗಿರುವುದು ಮಾತ್ರ ಇಂಗ್ಲಿಷು. ಶಿವಾಜಿನಗರದ ಪೇದೆ ಇನ್‌ಸ್ಪೆಕ್ಟರಿಗೆ ಏನಂತಾನೆ ಅನ್ನುವುದು ನಿಮ್ಮ ಕಿವಿಗೆ ತಾನಾಗಿ ಕನ್ನಡದಲ್ಲಿ ಕೇಳಿಸುತ್ತದೆ. ಮೊದಲ ಮೂವತ್ತು ಪುಟ ಡಿಕ್ಷನರಿ ಮುಟ್ಟಬೇಡಿ. ಗೊತ್ತಿಲ್ಲದ ಪದವನ್ನು ಹಾರಿ ದಾಟಿ, ಕತೆ ಕೈ ಹಿಡಿದುಕೊಂಡು ಹೋಗುತ್ತದೆ. ಸಬ್‌ಟೈಟಲ್ ನೋಡಿಕೊಂಡು ಕೊರಿಯಾ ಚಿತ್ರ ಅರಗಿಸಿಕೊಂಡವರಿಗೆ ಇದು ಯಾವ ಲೆಕ್ಕ?

ಅನಿತಾ ನಾಯರ್ ಬರೆದ ‘ಕಟ್ ಲೈಕ್ ವೂಂಡ್’ (2012) ಮೊದಲು ಹಿಡಿಯಿರಿ. ಇನ್‌ಸ್ಪೆಕ್ಟರ್ ಬೋರೇಗೌಡ! ಹೆಸರು ಕೇಳಿಯೇ ನನಗೆ ಅರ್ಧ ಖುಷಿ ಆಯ್ತು. ಇಂಗ್ಲಿಷ್ ಕಾದಂಬರಿಯ ನಾಯಕ ಅಂದರೆ ಯಾವನೋ ಸೂಟುಬೂಟಿನವನು ಅಂದುಕೊಂಡರೆ, ಇಲ್ಲಿ ಐವತ್ತರ ಹತ್ತಿರ ಬಂದ, ಹೊಟ್ಟೆ ಬೆಳೆದ, ಬುಲೆಟ್ ಗಾಡಿ ಓಡಿಸುವ, ಮೇಲಧಿಕಾರಿಗಳಿಗೆ ಬೇಡವಾದ ಗೌಡರು. ರಂಜಾನಿನ ಮೊದಲ ರಾತ್ರಿ ಶಿವಾಜಿನಗರದಲ್ಲಿ ಒಬ್ಬ ಹುಡುಗನನ್ನು ಬರ್ಬರವಾಗಿ ಕೊಂದು ಸುಡುತ್ತಾರೆ. ಯಾರಿಗೂ ಬೇಡದ ಹೆಣ, ಫೈಲು ಮುಚ್ಚಿಹೋಗಬೇಕಾದ ಕೇಸು. ಗೌಡರು ಮುಚ್ಚಲು ಬಿಡುವುದಿಲ್ಲ. ಹೆಣಗಳು ಒಂದರ ಹಿಂದೆ ಒಂದು ಬೀಳುತ್ತವೆ.

ಕೊಲೆಗಾರನ ತಲೆಯೊಳಗೂ ಲೇಖಕಿ ನಮ್ಮನ್ನು ಕೂರಿಸುತ್ತಾರೆ, ಅದು ಸುಲಭದ ಓದಲ್ಲ. ರಾತ್ರಿ ಹೊತ್ತು ಬೇಡ ಎನ್ನುವವರು ಹಗಲು ಓದಿ. ಆದರೆ ಪೊಲೀಸ್ ಠಾಣೆಯ ಒಳಗಿನ ಮಾತು, ಹೊಸದಾಗಿ ಬಂದ ಸಬ್ ಇನ್‌ಸ್ಪೆಕ್ಟರ್ ಸಂತೋಷನ ಹುರುಪು, ಕಾರ್ಪೊರೇಟರನ ದರ್ಬಾರು, ಇವೆಲ್ಲ ನಮ್ಮ ಖಾಕಿ ಚಿತ್ರಗಳ ಡೈಲಾಗುಗಳಿಗಿಂತ ಎಷ್ಟೋ ಪಾಲು ನಿಜ. ‘ಸಾಂಗ್ಲಿಯಾನ’ (1988) ಕಾಲದಿಂದ ನಮ್ಮ ತೆರೆಯ ಪೊಲೀಸು ಬಾಗಿಲು ಒದ್ದೇ ಒಳಗೆ ಬರಬೇಕು. ಬೋರೇಗೌಡರು ಬಾಗಿಲು ತಟ್ಟುತ್ತಾರೆ, ಕಾಯುತ್ತಾರೆ, ಮೊಣಕಾಲು ನೋವು ಅಂತ ಕೂರುತ್ತಾರೆ! ಎರಡನೆಯ ಕಾದಂಬರಿ ‘ಚೈನ್ ಆಫ್ ಕಸ್ಟಡಿ’ (2016) ಮಕ್ಕಳ ಮಾರಾಟದ ಜಾಲದ್ದು. ಮೂರನೆಯದು ‘ಹಾಟ್ ಸ್ಟೇಜ್’ (2023). ವಿಚಾರವಾದಿಯಾದ ವೃದ್ಧ ಪ್ರೊಫೆಸರೊಬ್ಬರು ಮನೆಯಲ್ಲಿ ಸತ್ತು ಬಿದ್ದಿರುತ್ತಾರೆ. 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರ ಹತ್ಯೆ ನೋಡಿದ ಈ ನಾಡಿನ ಓದುಗನಿಗೆ ಆ ಪುಟ ತಿರುಗಿಸುವಾಗ ಕೈ ಒಂದು ಕ್ಷಣ ನಿಲ್ಲುತ್ತದೆ.

ಇಷ್ಟು ರಕ್ತ ಬೇಡಪ್ಪಾ, ಮನೆಯಲ್ಲಿ ತಂಗಿಗೂ ಕೊಡುವಂಥದ್ದು ಹೇಳು ಎನ್ನುವವರಿಗೆ ಹರಿಣಿ ನಾಗೇಂದ್ರ ಅವರ ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ (2022). ಹರಿಣಿಯವರು ಪರಿಸರ ವಿಜ್ಞಾನಿ, ಬೆಂಗಳೂರಿನ ಕೆರೆ ಮರಗಳ ಮೇಲೆ ಸಂಶೋಧನೆ ಮಾಡಿದವರು. ಕತೆ ನಡೆಯುವುದು 1921ರಲ್ಲಿ. ಆಗ ಬೆಂಗಳೂರು ಎರಡು: ಮಹಾರಾಜರ ಪೇಟೆ, ಬ್ರಿಟಿಷರ ದಂಡು. ಕಾವೇರಿ ಎಂಬ ಹುಡುಗಿ ಡಾಕ್ಟರ್ ರಾಮುವನ್ನು ಮದುವೆಯಾಗಿ ಊರಿಗೆ ಬರುತ್ತಾಳೆ. ಲೆಕ್ಕ ಅಂದರೆ ಅವಳಿಗೆ ಪಂಚಪ್ರಾಣ. (ಜಪಾನಿನಲ್ಲೂ ಲೆಕ್ಕ, ಇಲ್ಲೂ ಲೆಕ್ಕ! ಲೆಕ್ಕದಲ್ಲಿ ಮೂವತ್ತೈದು ದಾಟದ ನಮ್ಮಂಥವರು ಪತ್ತೇದಾರರಾಗುವ ಆಸೆ ಬಿಡಬೇಕೋ ಏನೋ.) ಸೆಂಚುರಿ ಕ್ಲಬ್ಬಿನ ಔತಣದಲ್ಲಿ ಗಾಳಿಗೆಂದು ತೋಟಕ್ಕೆ ಬಂದವಳಿಗೆ ಕತ್ತಲಲ್ಲಿ ಯಾರೋ ಕರೆಯದ ಅತಿಥಿ ಕಾಣಿಸುತ್ತಾನೆ. ಅರ್ಧ ಗಂಟೆಯಲ್ಲಿ ಅಲ್ಲೊಂದು ಕೊಲೆ. ಆ ಸೆಂಚುರಿ ಕ್ಲಬ್ಬು ಕಬ್ಬನ್ ಪಾರ್ಕಿನ ಮಗ್ಗುಲಲ್ಲಿ ಈಗಲೂ ಇದೆ, 1917ರಲ್ಲಿ ವಿಶ್ವೇಶ್ವರಯ್ಯನವರು ಹುಟ್ಟುಹಾಕಿದ್ದು.

ಕೊಲೆಯ ಆರೋಪ ಬಡವರ ಕಡೆಗೆ, ದಿಕ್ಕಿಲ್ಲದ ಹೆಂಗಸಿನ ಕಡೆಗೆ ಜಾರುವುದನ್ನು ಕಂಡು ಕಾವೇರಿ ಸೆರಗು ಸಿಕ್ಕಿಸಿ ತನಿಖೆಗೆ ಇಳಿಯುತ್ತಾಳೆ. ಗಂಡ ಒಳ್ಳೆಯವನು. ನನಗೆ ಕೇಳಿದರೆ ಸ್ವಲ್ಪ ಅತಿಯಾಗಿಯೇ ಒಳ್ಳೆಯವನು, 1921ರಲ್ಲಿ ಅಂಥ ಗಂಡ ಇದ್ದನೇ ಅಂತ ಅನುಮಾನ ಬರುವಷ್ಟು! ಆದರೂ ಪುಸ್ತಕ ಹೂವಿನಂತೆ ಹಗುರ. ಆಮೇಲೆ ‘ಮರ್ಡರ್ ಅಂಡರ್ ಎ ರೆಡ್ ಮೂನ್’ (2023), ‘ಎ ನೆಸ್ಟ್ ಆಫ್ ವೈಪರ್ಸ್’ (2024), ‘ಇನ್‌ಟು ದಿ ಲೆಪರ್ಡ್ಸ್ ಡೆನ್’ (2025) ಬಂದಿವೆ. ಕೊನೆಯದು ಕೊಡಗಿನ ಕಾಫಿ ತೋಟದ್ದು. ಯಾರಾದರೂ ನಿರ್ಮಾಪಕರು ಇದನ್ನು ಓದುತ್ತಿದ್ದರೆ ಕಿವಿಗೆ ಹಾಕಿಕೊಳ್ಳಿ: ಹಳೇ ಕಾರು, ಜರತಾರಿ ಸೀರೆ, ದಂಡಿನ ಬಂಗಲೆ, ನಾಯಕಿ ಪ್ರಧಾನ ಚಿತ್ರ. ಮೈಸೂರಿನಲ್ಲಿ ನಲವತ್ತು ದಿನದ ಶೂಟಿಂಗ್ ಸಾಕು.

ಇನ್ನೊಬ್ಬ ನಮ್ಮ ಜಾಗದವನೇ. ಝಾಕ್ ಓಯೆ ಎಂಬ ಸ್ವೀಡನ್ ಮೂಲದ ಲೇಖಕರು ಬೆಂಗಳೂರಿನಲ್ಲಿ ನೆಲೆಸಿ ಬರೆದ ‘ಮಿಸ್ಟರ್ ಮೆಜೆಸ್ಟಿಕ್’ (2012). ನಾಯಕ ಹರಿ ಮೆಜೆಸ್ಟಿಕ್. ವಿದೇಶಿ ಪ್ರವಾಸಿಗರಿಗೆ ಟೋಪಿ ಹಾಕಿ ಹೊಟ್ಟೆ ಹೊರೆದವನು, ಈಗ ಆ ದಂಧೆ ಬಿಟ್ಟು ಪತ್ತೇದಾರಿಕೆಗೆ ಇಳಿದಿದ್ದಾನೆ. ಗಂಭೀರ ಕತೆ ಬೇಕೆನ್ನುವವರಿಗೆ ಇದಲ್ಲ. ಹರಟೆ, ಹುಡುಗಾಟ, ಗಲ್ಲಿ ಗಲ್ಲಿ ಓಟ. ಚಿತ್ರಮಂದಿರವೊಂದು ತನ್ನ ಹೆಸರನ್ನು ಇಡೀ ಬಡಾವಣೆಗೆ ಕೊಟ್ಟು ತಾನು ನೆಲಸಮವಾದ ಊರು ನಮ್ಮದು. ಕಪಾಲಿಯೂ ಹೋಯಿತು. ಆ ಮಂದಿರಗಳ ಮುಂದೆ ಕ್ಯೂ ನಿಂತು ಬ್ಲ್ಯಾಕ್ ಟಿಕೆಟ್ಟಿಗೆ ಚೌಕಾಸಿ ಮಾಡಿದವರು ಹರಿಯನ್ನು ಕಂಡ ಕೂಡಲೇ ಗುರುತು ಹಿಡಿಯುತ್ತಾರೆ.

ಪುರುಷೋತ್ತಮ ಎಲ್ಲಿ ಹೋದ?

ಈಗ ನನ್ನನ್ನು ಬಹಳ ದಿನದಿಂದ ಕಾಡುವ ಮಾತಿಗೆ ಬರುತ್ತೇನೆ. ಬೋರೇಗೌಡ ಇಂಗ್ಲಿಷಿನಲ್ಲಿ, ಕಾವೇರಿ ಇಂಗ್ಲಿಷಿನಲ್ಲಿ, ಹರಿ ಇಂಗ್ಲಿಷಿನಲ್ಲಿ. ಹಾಗಾದರೆ ಕನ್ನಡದ ಪತ್ತೇದಾರ ಎಲ್ಲಿ?

ಇದ್ದ. ರಾಜನ ಹಾಗೆ ಇದ್ದ! 1952ರಲ್ಲಿ ಎನ್. ನರಸಿಂಹಯ್ಯ ಎಂಬ ಮಹಾನುಭಾವರು ‘ಪತ್ತೇದಾರ ಪುರುಷೋತ್ತಮ’ನನ್ನು ಕಣಕ್ಕೆ ಇಳಿಸಿದರು. ಆಮೇಲೆ ಮಧುಸೂದನ, ಅರಿಂಜಯ, ಗಾಳಿರಾಯ. ಒಂದಲ್ಲ ಎರಡಲ್ಲ, ಐನೂರರಷ್ಟು ಕಾದಂಬರಿ! ನರಸಿಂಹಯ್ಯನವರ ಶಾಲೆಯ ಓದು ಪ್ರಾಥಮಿಕ ತರಗತಿಯಲ್ಲೇ ನಿಂತುಹೋಗಿತ್ತು. ದೊಡ್ಡ ಸಾಹಿತಿಗಳು ಅವರನ್ನು ಸಾಹಿತಿ ಎಂದು ಎಣಿಸಿದ್ದು ಕಡಿಮೆ. 2011ರಲ್ಲಿ ತೀರಿಕೊಂಡರು.

ನನ್ನ ಸೋದರಮಾವ ಲೇತ್ ಮಷೀನಿನ ಮುಂದೆ ನಿಂತು ಬದುಕು ಸವೆಸಿದವರು. ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದವರಿಗೆ ಸರಾಗವಾಗಿ ಓದಲು ಕಲಿಸಿದ್ದು ಯಾವ ಮೇಷ್ಟ್ರೂ ಅಲ್ಲ, ಬಾಡಿಗೆ ಲೈಬ್ರರಿಯ ಪುರುಷೋತ್ತಮ. “ಮುಂದೇನಾಯ್ತು ಅಂತ ತಿಳಿಯದೆ ನಿದ್ದೆ ಬರ್ತಿರಲಿಲ್ಲ ಕಣೋ, ಹಂಗಾಗಿ ಓದ್ದೆ” ಎನ್ನುತ್ತಾರೆ. ಆ ಲೈಬ್ರರಿ ಪುಸ್ತಕಗಳಲ್ಲಿ ಯಾರೋ ಪುಣ್ಯಾತ್ಮ ಮೊದಲ ಪುಟದಲ್ಲೇ ಪೆನ್ಸಿಲಿನಲ್ಲಿ ‘ಕೊಂದವನು ಅಡಿಗೆಯವನು’ ಅಂತ ಬರೆದು ಹೋಗಿರುತ್ತಿದ್ದನಂತೆ. ಅವನನ್ನು ಪತ್ತೆ ಹಚ್ಚಲು ಪುರುಷೋತ್ತಮನಿಂದಲೂ ಆಗಲಿಲ್ಲ.

ಟಿ.ಕೆ. ರಾಮರಾವ್ ಇನ್ನೊಬ್ಬರು. ಎಷ್ಟೋ ಪತ್ತೇದಾರಿ ಕಾದಂಬರಿ ಬರೆದ ಕೈ ಅದು. ‘ಬಂಗಾರದ ಮನುಷ್ಯ’ (1972) ಅವರದೇ ಕಾದಂಬರಿ ಎಂಬುದು ಇಂದಿನ ಎಷ್ಟು ಜನ ಅಣ್ಣಾವ್ರ ಅಭಿಮಾನಿಗಳಿಗೆ ಗೊತ್ತು? ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಚಿತ್ರ! ಅದೇ ಹೊತ್ತಿನ ಆಸುಪಾಸಿನಲ್ಲಿ ಅಣ್ಣಾವ್ರೇ ಗೂಢಚಾರರಾಗಿ ‘ಜೇಡರ ಬಲೆ’ (1968), ‘ಗೋವಾದಲ್ಲಿ ಸಿ.ಐ.ಡಿ. 999’ (1968) ಮಾಡಿ ಮೆರೆದರು. ಹೀಗೆ ಪುಸ್ತಕದಂಗಡಿ ಮತ್ತು ಟಿಕೆಟ್ ಕೌಂಟರು ಕೈ ಕೈ ಹಿಡಿದಿದ್ದ ಕಾಲ ಒಂದಿತ್ತು. ಇಂದು ನಮ್ಮವರು ಪಕ್ಕದ ರಾಜ್ಯದ ಸಸ್ಪೆನ್ಸ್ ಚಿತ್ರದ ರೀಮೇಕ್ ಹಕ್ಕಿಗೆ ದುಡ್ಡು ಸುರಿಯುತ್ತಾರೆ. ಕನ್ನಡದ ಕಾದಂಬರಿಕಾರನಿಗೆ ಒಂದು ಫೋನು ಮಾಡುವುದಿಲ್ಲ.

ಹಾಗಂತ ಕನ್ನಡದಲ್ಲಿ ಬರೆಯುವವರೇ ಇಲ್ಲವೆಂದಲ್ಲ, ಸ್ವಾಮಿ. ಕೆ.ಎನ್. ಗಣೇಶಯ್ಯ ಇದ್ದಾರಲ್ಲ! ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ವಿಜ್ಞಾನಿ. ಇವರ ಪತ್ತೇದಾರರು ಹೆಣದ ಹಿಂದೆ ಓಡುವುದಿಲ್ಲ, ಚರಿತ್ರೆಯ ಹಿಂದೆ ಓಡುತ್ತಾರೆ. ‘ಕನಕ ಮುಸುಕು’ ಓದಿ. ಸೋಮನಾಥಪುರದ ಹೊಯ್ಸಳ ಗುಡಿಯ ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂಥದ್ದು ಇದೆ. ಆ ಗುಡಿ 13ನೇ ಶತಮಾನದ್ದು. ಮುಸುಕಿನ ಜೋಳವೋ ಅಮೆರಿಕದ ಬೆಳೆ, ಕೊಲಂಬಸ್ 1492ರಲ್ಲಿ ಹೋಗಿ ಬಂದ ಮೇಲೆ ಹೊರಜಗತ್ತಿಗೆ ಬಂದದ್ದು. ಹಾಗಾದರೆ ಹೊಯ್ಸಳ ಶಿಲ್ಪಿಯ ಕೈಗೆ ಅದು ಹೇಗೆ ಸಿಕ್ಕಿತು? ನಿಜವಾದ ವಿದ್ವಾಂಸರೇ ಇದರ ಮೇಲೆ ಜಗಳ ಆಡಿದ್ದಾರೆ. ಜೋಳವೇ ಎಂದು ಅಮೆರಿಕದ ಕೆಲವು ಸಂಶೋಧಕರು, ಅಲ್ಲ, ಅದು ಮುತ್ತಿನ ಫಲದ ಕಲ್ಪನೆ ಎಂದು ಇನ್ನು ಕೆಲವರು. ಆ ಜಗಳದ ಬಿರುಕಿನೊಳಗೆ ಗಣೇಶಯ್ಯ ಕಾದಂಬರಿ ಬೆಳೆಸುತ್ತಾರೆ. ಓದಿದ ಮೇಲೆ ಸೋಮನಾಥಪುರಕ್ಕೆ ಹೋಗಿ ಗುಡಿಯ ಗೋಡೆಗೆ ಮೂಗು ತಾಗಿಸಿ ನಿಲ್ಲದಿದ್ದರೆ ಕೇಳಿ!

‘ಕರಿಸಿರಿಯಾನ’ 1565ರ ತಾಳಿಕೋಟೆ ಯುದ್ಧದ ನಂತರ ವಿಜಯನಗರದ ಸಂಪತ್ತು ಆನೆಗಳ ಮೇಲೆ ಎಲ್ಲಿಗೆ ಹೋಯಿತೆಂಬ ಬೇಟೆ. ‘ಏಳು ರೊಟ್ಟಿಗಳು’ ಹೈದರಾಬಾದು ನಿಜಾಮರ ನಿಧಿಯ ಸುತ್ತ. ‘ಬಳ್ಳಿಕಾಳ ಬೆಳ್ಳಿ’ ಗೇರುಸೊಪ್ಪೆಯ ಚೆನ್ನಭೈರಾದೇವಿಯದು. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಅವಳನ್ನೇ. ಒಂದು ದೂರು ಇದೆ. ಇವರ ಪಾತ್ರಗಳು ಕೆಲವು ಸಲ ಪಾತ್ರಗಳಾಗಿ ಉಳಿಯದೆ ಪಾಠ ಹೇಳುವ ಲೆಕ್ಚರರುಗಳಾಗಿ ಬಿಡುತ್ತವೆ. ಪ್ರೇಮದ ಸೀನುಗಳಂತೂ ಸಪ್ಪೆ. ಆದರೆ ಪಾಠವೇ ಅಷ್ಟು ರೋಚಕವಾಗಿರುವಾಗ ಕ್ಷಮಿಸಿಬಿಡಬಹುದು.

ಹೊಸಬರಲ್ಲಿ ಮೈಸೂರಿನ ಅನುಷ್ ಎ. ಶೆಟ್ಟಿ. ‘ಜೋಡ್ಪಾಲ’, ‘ನೀನು ನಿನ್ನೊಳಗೆ ಖೈದಿ’, ‘ಹುಲಿ ಪತ್ರಿಕೆ’ ಅವರ ಕೆಲವು ಪುಸ್ತಕ. ಸಣ್ಣ ಸಣ್ಣ ವಾಕ್ಯ, ಕತ್ತಲು, ಕಾಡು, ಓಟ. ಒಂದೇ ಕೂರಿಕೆಯಲ್ಲಿ ಮುಗಿಯುವಂಥವು. ಬಸ್ಸಿನಲ್ಲಿ ಓದಲು ಹೇಳಿ ಮಾಡಿಸಿದ ಹಾಗಿವೆ.

ಇನ್ನು ಹೊಸದಲ್ಲದಿದ್ದರೂ ಬಿಡಲಾಗದ ಒಬ್ಬರಿದ್ದಾರೆ. ನೀವು ‘ಡೇರ್‌ಡೆವಿಲ್ ಮುಸ್ತಾಫಾ’ (2023) ನೋಡಿ ಶಿಳ್ಳೆ ಹೊಡೆದಿರಿ ತಾನೆ? ಅದರ ಮೂಲಕತೆಯ ಪೂರ್ಣಚಂದ್ರ ತೇಜಸ್ವಿ. ಪಠ್ಯಪುಸ್ತಕದಲ್ಲಿ ಸಿಕ್ಕಿದ ಕಾರಣಕ್ಕೇ ತೇಜಸ್ವಿಯನ್ನು ಪರೀಕ್ಷೆಯ ವಸ್ತು ಎಂದು ಪಕ್ಕಕ್ಕಿಟ್ಟವರು ಬಹಳ ಜನ. ಪಾಪ, ಅವರಿಗೆ ಗೊತ್ತಿಲ್ಲ, ಕನ್ನಡದ ಅಪ್ಪಟ ಪತ್ತೇದಾರಿ ಅಲ್ಲೇ ಅಡಗಿದೆ ಅಂತ. ‘ಕುಬಿ ಮತ್ತು ಇಯಾಲ’ ಕತೆಯಲ್ಲಿ ಹಳ್ಳಿ ಆಸ್ಪತ್ರೆಯ ಡಾಕ್ಟರು ಒಂದು ಹುಡುಗಿಯ ಸಾವಿನ ಹಿಂದೆ ಬೀಳುತ್ತಾನೆ. ಸದಾನಂದ ಸುವರ್ಣರು ಅದನ್ನು ತೆರೆಗೆ ತಂದರು, ಚಾರುಹಾಸನ್ ಡಾಕ್ಟರು. ‘ಚಿದಂಬರ ರಹಸ್ಯ’ (1985) ಕಾದಂಬರಿಯಲ್ಲಿ ಏಲಕ್ಕಿ ಇಳುವರಿ ಯಾಕೆ ಬಿತ್ತು, ಜೋಗಿಹಾಳ್ ಎಂಬ ವಿಜ್ಞಾನಿ ಹೇಗೆ ಸತ್ತ ಎಂದು ತಿಳಿಯಲು ಗೂಢಚಾರ ಇಲಾಖೆಯ ಅಧಿಕಾರಿ ಕೆಸರೂರಿಗೆ ಬರುತ್ತಾನೆ. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಪ್ರಶಸ್ತಿ ಬಂದ ಪುಸ್ತಕ ಅಂದರೆ ಬೋರು ಎನ್ನುವವರ ಬಾಯಿ ಮುಚ್ಚಿಸುವ ಪುಸ್ತಕ ಅದು, ನಕ್ಕು ನಕ್ಕು ಸಾಯುತ್ತೀರಿ, ನಗುತ್ತಾ ಇರುವಾಗಲೇ ಬೆನ್ನಲ್ಲಿ ಚಳಿ ಏಳುತ್ತದೆ.

‘ಜುಗಾರಿ ಕ್ರಾಸ್’ (1994) ಇನ್ನೊಂದು ಮಜಲು. ಸುರೇಶ, ಗೌರಿ ಎಂಬ ಎಳೆಯ ದಂಪತಿ ಏಲಕ್ಕಿ ಮಾರಲು ಹೊರಟವರು. ಒಂದೇ ಒಂದು ದಿನದೊಳಗೆ ಕಳ್ಳಸಾಗಣೆ, ಕೊಲೆಗಡುಕರು, ಹಳೆಗನ್ನಡ ಹಸ್ತಪ್ರತಿಯ ಒಗಟು, ಕೆಂಪು ಕಲ್ಲು, ರೈಲು, ಸುರಂಗ! ಇದನ್ನು ಚಿತ್ರ ಮಾಡುತ್ತೇವೆಂದು ನಮ್ಮವರು ಒಂದಕ್ಕಿಂತ ಹೆಚ್ಚು ಸಲ ಘೋಷಿಸಿದ್ದಾರೆ. ಗಾಂಧಿನಗರದ ಘೋಷಣೆ ನಿಮಗೆ ಗೊತ್ತಲ್ಲ. ಚಿತ್ರ ಬರುವವರೆಗೆ ಕಾಯಬೇಡಿ. ನಾಯಕ ಯಾರಾದರೂ ಆಗಲಿ, ನಿಮ್ಮ ತಲೆಯಲ್ಲಿ ಓಡುವ ‘ಜುಗಾರಿ ಕ್ರಾಸ್’ನ ಸುರಂಗದ ಸೀನಿಗೆ ಯಾವ ಛಾಯಾಗ್ರಾಹಕನೂ ಸರಿಸಾಟಿ ಆಗಲಾರ.

ಪುಸ್ತಕ ಸಿಗೋದೆಲ್ಲಿ?

“ಪಿಡಿಎಫ್ ಇದ್ರೆ ಕಳಿಸಿ ಸಾರ್.” ಪುಸ್ತಕದ ಮಾತೆತ್ತಿದರೆ ಸಾಕು, ನನಗೆ ಬರುವ ಮೊದಲ ಮೆಸೇಜು ಇದು. ಕಳಿಸುವುದಿಲ್ಲ! ನೆಚ್ಚಿನ ನಾಯಕನ ಚಿತ್ರ ಪೈರಸಿ ಆದರೆ ಪೊಲೀಸ್ ಕಂಪ್ಲೇಂಟು ಕೊಡಲು ಹೋಗುವ ಅಭಿಮಾನಿಗಳೇ, ಲೇಖಕನಿಗೆ ಮಾತ್ರ ಆ ನ್ಯಾಯ ಬೇಡವೇ? ಸಾವಿರ ಪ್ರತಿ ಅಚ್ಚು ಹಾಕಿಸಿ ಅದು ಖರ್ಚಾಗುವುದನ್ನು ಕಾಯುವವನಿಗೆ ಒಂದು ಕಳ್ಳ ಪಿಡಿಎಫ್ ಅಂದರೆ ಮುಂದಿನ ಪುಸ್ತಕ ಬರೆಯದಿರಲು ಒಂದು ಕಾರಣ. ಪುರುಷೋತ್ತಮನನ್ನು ಕೊಂದವರು ಯಾರು ಎಂಬ ಕೇಸಿನಲ್ಲಿ ಶಂಕಿತರ ಪಟ್ಟಿಗೆ ಟಿ.ವಿ., ಮೊಬೈಲುಗಳ ಜೊತೆ ನಮ್ಮ ಹೆಸರೂ ಸೇರಿದೆ ಅಂತ ನನಗೆ ಅನುಮಾನ.

ದುಡ್ಡಿಲ್ಲ ಎನ್ನುತ್ತೀರಾ? ಅದು ನಿಜವಾದ ಮಾತು, ನನಗೂ ಇಲ್ಲ. ಸರ್ಕಾರಿ ಗ್ರಂಥಾಲಯ ಇದೆಯಲ್ಲ. ಪುರಸಭೆ, ನಗರಸಭೆಗೆ ನಿಮ್ಮ ಮನೆಯಿಂದ ಕಂದಾಯ ಕಟ್ಟುವಾಗ ಅದರ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ಸೇರಿರುತ್ತದೆ. 1965ರ ಕಾಯಿದೆಯಿಂದ ಬಂದ ಪದ್ಧತಿ. ಅಂದರೆ ಆ ಕಪಾಟಿನ ಪುಸ್ತಕಕ್ಕೆ ನಿಮ್ಮ ಅಪ್ಪ ಆಗಲೇ ದುಡ್ಡು ಕೊಟ್ಟಾಗಿದೆ! ಹೋಗಿ, ಮೆಂಬರ್ ಆಗಿ, ತೇಜಸ್ವಿ ಗಣೇಶಯ್ಯ ಕೇಳಿ. ಇಲ್ಲ ಎಂದರೆ ತರಿಸಿ ಎಂದು ಕಾಗದದಲ್ಲಿ ಬರೆದು ಕೊಡಿ. ಬೆಂಗಳೂರಿಗೆ ಬಂದವರು ಬಸ್‌ಸ್ಟ್ಯಾಂಡಿನಿಂದ ಗಾಂಧಿನಗರದ ಸಪ್ನಾಕ್ಕೆ ನಡೆದೇ ಹೋಗಬಹುದು. ಗಣೇಶಯ್ಯನವರದು ಗಾಂಧಿ ಬಜಾರಿನ ಅಂಕಿತದಲ್ಲಿ ಸಿಗುತ್ತದೆ. ಇಂಗ್ಲಿಷಿನವು ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳಲ್ಲಿ ಕಡಿಮೆ ಬೆಲೆಗೆ ಬಿದ್ದಿರುತ್ತವೆ. ನರಸಿಂಹಯ್ಯನವರ ಹಳೆಯ ಪ್ರತಿ ಬೇಕಿದ್ದರೆ ಅವೆನ್ಯೂ ರೋಡಿನಲ್ಲಿ ಬೆವರು ಸುರಿಸಿ ಹುಡುಕಬೇಕು, ಅದೂ ಒಂದು ಪತ್ತೇದಾರಿಕೆಯೇ.

ಯಾವುದರಿಂದ ಶುರು ಮಾಡಲಿ ಎಂದು ಕೇಳುವವರಿಗೆ: ಇದುವರೆಗೆ ಒಂದು ಕಾದಂಬರಿಯನ್ನೂ ಪೂರ್ತಿ ಓದದವರು ‘ಜುಗಾರಿ ಕ್ರಾಸ್’. ಅದು ಮುಗಿದ ಮೇಲೆ ‘ಕನಕ ಮುಸುಕು’. ಇಂಗ್ಲಿಷಿಗೆ ಕಾಲಿಡುವವರು ಕಾವೇರಿಯ ಕೈ ಹಿಡಿಯಿರಿ, ಬೋರೇಗೌಡರು ಎರಡನೆಯವರಾಗಲಿ. ಲೆಕ್ಕದ ಮೇಷ್ಟ್ರನ್ನು ಕೊನೆಗೆ ಇಟ್ಟುಕೊಳ್ಳಿ, ಮಳೆಗಾಲದ ಮೊದಲ ಮೋಡ ಕವಿದ ಸಂಜೆಗೆ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಇಣುಕಿ ನೋಡಿ “ಯಾರಂತೆ ಕೊಂದಿದ್ದು?” ಅಂತ ಕೇಳಿಯೇ ಕೇಳುತ್ತಾರೆ. ಹೇಳಬೇಡಿ. ಪುಸ್ತಕದ ಹೆಸರು ಮಾತ್ರ ಹೇಳಿ.